ಐದು ಜನ, ಹತ್ತೊಂಬತ್ತು ಅಂಕ

ವಿಭಾಗಗಳ ನಡುವೆ ಮಾತುಕತೆಯೇ ಇಲ್ಲ, ಇನ್ನು ಸಂಶೋಧನೆ ಎಲ್ಲಿಂದ ಬರಬೇಕು ಎಂದು ಕೊರಗುವವರು ಜಿಲ್ಲಾ ಕೇಂದ್ರದ ಯಾವುದಾದರೂ ವಿಶ್ವವಿದ್ಯಾಲಯದ ಕ್ಯಾಂಟೀನಿನಲ್ಲಿ ಅರ್ಧ ಗಂಟೆ ಕೂತು ನೋಡಬೇಕು. ಕನ್ನಡದ ಮೇಷ್ಟ್ರು, ಇತಿಹಾಸದ ಮೇಷ್ಟ್ರು, ಕಾಮರ್ಸ್ ಮೇಡಂ ಒಂದೇ ಟೇಬಲ್ಲಿನಲ್ಲಿ ತಲೆಗೆ ತಲೆ ಕೊಟ್ಟು ಮಾತಾಡುತ್ತಿದ್ದಾರೆ ಅಂದರೆ ಬಡ್ತಿ ಹತ್ತಿರ ಬಂದಿದೆ ಅಂತ ಅರ್ಥ.

ಲೆಕ್ಕ ಮೇಡಂದು. ಬಡ್ತಿಗೆ ಸಂಶೋಧನೆಯ ಅಂಕ ಬೇಕು. ಯುಜಿಸಿ, ಅಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗದ 2018ರ ನಿಯಮದಂತೆ ಈ ಮೂವರ ವಿಷಯಗಳಲ್ಲೂ ಒಂದು ಪ್ರಬಂಧಕ್ಕೆ 10 ಅಂಕ. ಇಬ್ಬರು ಬರೆದರೆ ತಲಾ 7. ಅದಕ್ಕಿಂತ ಜಾಸ್ತಿ ಜನ ಇದ್ದರೆ ಮೊದಲ ಹೆಸರಿನವರಿಗೆ 7, ಉಳಿದ ಪ್ರತಿಯೊಬ್ಬರಿಗೂ 3. ಹಾಗಾಗಿ ಒಬ್ಬೊಬ್ಬರು ಒಂದೊಂದು ಬರೆದು, ಎಲ್ಲದರಲ್ಲೂ ಎಲ್ಲರ ಹೆಸರು ಹಾಕುವುದು ಜಾಣತನ.

"ಇಬ್ಬರೇ ಆಗಿದ್ರೆ ತಲಾ 14 ಬರ್ತಿತ್ತು ಸರ್. ಮೂವರಾದ್ರೆ 13. ನಷ್ಟ."

"ಹಾಗಾದ್ರೆ ನಾನು ಎದ್ದು ಹೋಗ್ಲಾ?" ಎಂದರು ಇತಿಹಾಸದವರು.

"ಅಯ್ಯೋ, ಬೇಡಿ ಸರ್. ಇನ್ನಿಬ್ಬರನ್ನ ಕರೀರಿ. ಐವರಾದ್ರೆ 19!"

ಸಮಾಜಶಾಸ್ತ್ರ, ಗ್ರಂಥಾಲಯ ವಿಜ್ಞಾನದವರು ಬಂದರು. ಇನ್ನು ಎಲ್ಲರಿಗೂ ಹೊಂದುವ ವಿಷಯ ಬೇಕಲ್ಲ? ಬಸವಣ್ಣನವರು ಬಿಜ್ಜಳನ ಭಂಡಾರ ನೋಡಿಕೊಂಡಿದ್ದರು, ಕಾಮರ್ಸ್ ಆಯಿತು. ಕಲ್ಯಾಣ ಇತಿಹಾಸಕ್ಕೆ, ಅನುಭವ ಮಂಟಪ ಸಮಾಜಶಾಸ್ತ್ರಕ್ಕೆ, ವಚನ ಕನ್ನಡಕ್ಕೆ. ಗ್ರಂಥಾಲಯದವರು ಸ್ವಲ್ಪ ಹೊತ್ತು ಪೆಚ್ಚಾಗಿ ಕೂತಿದ್ದರು. ಆಮೇಲೆ ಅವರಿಗೂ ಹೊಳೆಯಿತು: ವಚನ ಇದ್ದದ್ದು ಓಲೆಗರಿಯಲ್ಲಿ ಅಲ್ವಾ!

ಹೀಗೆ ಒಂದೇ ಪ್ರಬಂಧದ ಪಾಲು ಒಟ್ಟು 190 ಪರ್ಸೆಂಟ್ ಆಗುತ್ತದೆ. ಗಣಿತ ವಿಭಾಗದವರು ಈವರೆಗೆ ತಕರಾರು ತೆಗೆದಿಲ್ಲ. ಪ್ರೊಫೆಸರ್ ಆಗಲು ಅವರಿಗೂ 110 ಅಂಕ ಬೇಕು.

ಅಚ್ಚು ಮಾಡುವ ಪತ್ರಿಕೆಗಳಿಗೆ ಬರವಿಲ್ಲ. ಹೆಸರಿನಲ್ಲಿ 'ಇಂಟರ್‌ನ್ಯಾಷನಲ್' ಇರುತ್ತದೆ, 'ಮಲ್ಟಿಡಿಸಿಪ್ಲಿನರಿ'ಯೂ ಇರುತ್ತದೆ. ರೇಷ್ಮೆ ಹುಳುವಿನ ಪಕ್ಕ ಕಾಂಕ್ರೀಟು, ಅದರ ಪಕ್ಕ ಕುಮಾರವ್ಯಾಸ. ಫೀಸು ಕಟ್ಟಿದರೆ ಪರಿಶೀಲನೆಯೂ ಚುರುಕಾಗುತ್ತದೆ. ಯುಜಿಸಿ 2018ರ ಮೇ ತಿಂಗಳಲ್ಲಿ ತಾನೇ ಒಪ್ಪಿದ್ದ ಪಟ್ಟಿಯಿಂದ 4,305 ಪತ್ರಿಕೆಗಳನ್ನು ಕಿತ್ತುಹಾಕಿತು. 2019ರಲ್ಲಿ ಕೇರ್ ಎಂಬ ಹೊಸ ಪಟ್ಟಿ ತಂದಿತು. 2025ರಲ್ಲಿ ಅದನ್ನೂ ಕೈಬಿಟ್ಟು, ಪತ್ರಿಕೆ ಒಳ್ಳೆಯದೋ ಕೆಟ್ಟದ್ದೋ ಸಂಸ್ಥೆಗಳೇ ನೋಡಿಕೊಳ್ಳಲಿ ಎಂದಿತು. ಕ್ಯಾಂಟೀನಿನಲ್ಲಿ ಅವತ್ತು ಮೈಸೂರು ಪಾಕ್ ಹಂಚಿದರಂತೆ.

ಇಷ್ಟೆಲ್ಲ ನಡೆಯುವಾಗ ಪಾಠ ಯಾರು ಮಾಡುತ್ತಾರೆ ಎಂದು ಕೇಳಬೇಡಿ. ಅತಿಥಿ ಉಪನ್ಯಾಸಕರು ಇರುವುದು ಮತ್ಯಾಕೆ? ಅವರಿಗೆ ಬಡ್ತಿಯ ತಲೆಬಿಸಿಯೂ ಇಲ್ಲ.

ರಸಾಯನಶಾಸ್ತ್ರದ ಮೇಡಂ ಒಬ್ಬರಿದ್ದಾರೆ, ಸ್ವಲ್ಪ ಹಳೇ ಕಾಲದವರು. ಪಾವಗಡದ ಕಡೆ ಹಳ್ಳಿ ಹಳ್ಳಿ ಸುತ್ತಿ, ಬೋರ್‌ವೆಲ್ ನೀರು ಬಾಟಲಿಗೆ ತುಂಬಿಸಿಕೊಂಡು ಬಂದು ಫ್ಲೋರೈಡ್ ಅಳೆದರು. ಕೆಮಿಕಲ್ಲಿಗೆ ಕೈಯಿಂದಲೇ ದುಡ್ಡು ಹಾಕಿದರು. ಜೊತೆಗೆ ದುಡಿದ ಹುಡುಗಿಯ ಹೆಸರನ್ನೂ ಹಾಕಿ ಒಂದೇ ಒಂದು ಪ್ರಬಂಧ ಬರೆದರು. ವಿಜ್ಞಾನಕ್ಕೆ ಪ್ರಬಂಧವೊಂದಕ್ಕೆ 8 ಅಂಕ, ಇಬ್ಬರಾದ್ದರಿಂದ ಇವರ ಪಾಲು 5.6.

ಸಮಿತಿಯವರು ಫೈಲು ಮಗುಚಿ ನೋಡಿ ಮರುಗಿದರು. "ಏನ್ ಮೇಡಂ, ಸುಮ್ನೆ ಇಷ್ಟು ಕಷ್ಟಪಟ್ಟಿದ್ದೀರಿ. ಕ್ಯಾಂಟೀನ್ ಕಡೆ ಬರೋದೇ ಇಲ್ವಾ ನೀವು?"