ಐದು ನಿಮಿಷದ ಕೆಲಸ ಅಲ್ಲ ಮಾರಾಯ್ರೆ

"ಅಡ್ಮಿನ್ ಪಾಸ್‌ವರ್ಡ್ ಮರೆತುಹೋಗಿದೆ, ಐದು ನಿಮಿಷದ ಕೆಲಸ ಅಲ್ವಾ?" ಮಂಗಳೂರಿನ ಹಂಪನಕಟ್ಟೆಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ನನಗೆ ಈ ಮಾತು ಕೇಳಿ ಕೇಳಿ ಸಾಕಾಗಿದೆ.

ಹಳೆಯ ವಿಂಡೋಸ್‌ನಲ್ಲಿ ಸುಲಭವೇ. ಪೆನ್‌ಡ್ರೈವ್‌ನಿಂದ ಕಂಪ್ಯೂಟರ್ ಶುರು ಮಾಡಿ ಪಾಸ್‌ವರ್ಡ್ ಅಳಿಸಬಹುದು. ಆದರೆ ನನಗೆ ಆಗುವುದು ಲ್ಯಾಪ್‌ಟಾಪ್ ಕದ್ದವನಿಗೂ ಆಗುತ್ತದೆ. ಅದನ್ನು ತಡೆಯಲಿಕ್ಕೇ ಡಿಸ್ಕಿಗೇ ಬೀಗ ಹಾಕುವ ವಿಂಡೋಸ್‌ನ ಬಿಟ್‌ಲಾಕರ್ ಇರುವುದು. ಹೊರಗಿನಿಂದ ಡಿಸ್ಕ್ ತೆರೆಯಬೇಕಾದರೆ 48 ಅಂಕಿಯ ರಿಕವರಿ ಕೀ ಬೇಕು. ಅದಿಲ್ಲದಿದ್ದರೆ ನಾನಲ್ಲ, ಯಾರು ಬಂದರೂ ಆಗುವುದಿಲ್ಲ.

ಮೊನ್ನೆ ಒಂದು ಗೇರುಬೀಜ ಕಾರ್ಖಾನೆಯ ಅಕೌಂಟೆಂಟ್ ಬಂದಿದ್ದರು. ಅವರ ಲ್ಯಾಪ್‌ಟಾಪ್ ಸೆಟಪ್ ಮಾಡಿದ ಹುಡುಗ ಕೆಲಸ ಬಿಟ್ಟು ದುಬೈಗೆ ಹೋಗಿದ್ದಾನೆ. ಫೋನ್ ಎತ್ತುವುದಿಲ್ಲ. ಜಿಎಸ್‌ಟಿ ರಿಟರ್ನ್‌ಗೆ 20ನೇ ತಾರೀಕು ಹತ್ತಿರ. ಬಿಟ್‌ಲಾಕರ್‌ನ ನೀಲಿ ಪರದೆ ಕೀ ಕೇಳಿತು. ಅವರು ಡೈರಿಯ ಒಂದೊಂದೇ ಪುಟ ತಿರುವಿದರು, ಬ್ಯಾಗಿನಲ್ಲಿದ್ದ ಬಿಲ್ಲುಗಳ ಹಿಂಬದಿಯನ್ನೂ ನೋಡಿದರು. ಪಾಪ, ಕೀ ಎಲ್ಲಿಡಬೇಕು ಅಂತ ಅವರಿಗೆ ಯಾರೂ ಹೇಳಿರಲಿಲ್ಲ. ಸಿಟ್ಟು ಬರುವುದು ಇದಕ್ಕೇ. ಪ್ರಿಂಟ್ ತೆಗೆದು ಬೀರುವಿನಲ್ಲಿ ಇಟ್ಟಿದ್ದರೆ ಸಾಕಿತ್ತು!

ಈಗ ಕೆಲವರು, "ಬಿಟ್‌ಲಾಕರ್ ತೆಗೆದುಬಿಡಿ, ಸುಮ್ನೆ ರಗಳೆ" ಅನ್ನುತ್ತಾರೆ. ತೆಗೆಯಬಹುದು. ನಾಳೆ ಆ ಲ್ಯಾಪ್‌ಟಾಪ್ ಬಸ್ಸಿನಲ್ಲಿ ಬಿಟ್ಟುಹೋದರೆ ಕೆಲಸಗಾರರ ಆಧಾರ್, ಸಂಬಳ, ಬ್ಯಾಂಕ್ ಖಾತೆ ಎಲ್ಲ ಕಂಡವರ ಕೈಗೆ. ಅದು ನಿಮ್ಮೊಬ್ಬರ ಗುಟ್ಟಲ್ಲ. ಹುಡುಗ ಕೆಲಸ ಬಿಡುವ ದಿನವೇ ಪಾಸ್‌ವರ್ಡ್, ಕೀ ಎರಡನ್ನೂ ಕೇಳಿ ಇಟ್ಟುಕೊಳ್ಳಿ. ಮಾನಿಟರಿಗೆ ಮಾತ್ರ ಅಂಟಿಸಬೇಡಿ.