ಸ್ಪಷ್ಟನೆ: ಹೊಗೆಸೊಪ್ಪು ಜಗಿದರೆ ಲಸಿಕೆ ಆಗುವುದಿಲ್ಲ

"ಕೊರೊನಾ ಲಸಿಕೆ ತೆಗೆಯುವುದೇ ಹೊಗೆಸೊಪ್ಪಿನಿಂದ, ಎಲೆಯಡಿಕೆ ಜೊತೆ ಒಂದು ಚೂರು ಹಾಕಿಕೊಂಡರೆ ಸಾಕು" ಎಂಬ ಸಂದೇಶ ಮಂಗಳೂರು, ಉಡುಪಿ ಕಡೆಯ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಇದು ಅರ್ಧ ಸತ್ಯವೂ ಅಲ್ಲ.

2022ರ ಫೆಬ್ರುವರಿಯಲ್ಲಿ ಕೆನಡಾ ಅನುಮತಿ ಕೊಟ್ಟ ಕೋವಿಫೆನ್ಜ್ ಎಂಬ ಕೊರೊನಾ ಲಸಿಕೆಯ ಪ್ರೋಟೀನ್ ಗಿಡದಲ್ಲೇ ತಯಾರಾದದ್ದು, ನಿಜ. ಆದರೆ ಗಿಡ ಆಸ್ಟ್ರೇಲಿಯಾ ಮೂಲದ ನಿಕೋಟಿಯಾನಾ ಬೆಂಥಾಮಿಯಾನಾ, ಹೊಗೆಸೊಪ್ಪಿನ ದಾಯಾದಿ. ಅದರಲ್ಲೂ ವೈರಸ್ಸಿನ ಪ್ರೋಟೀನ್ ತಾನಾಗಿ ಇರುವುದಿಲ್ಲ. ಐದಾರು ವಾರದ ಗಿಡವನ್ನು ತಲೆಕೆಳಗಾಗಿ ಅಗ್ರೋಬ್ಯಾಕ್ಟೀರಿಯಂ (ಗಿಡದ ಜೀವಕೋಶಕ್ಕೆ ವಂಶವಾಹಿ ದಾಟಿಸಬಲ್ಲ ಬ್ಯಾಕ್ಟೀರಿಯಾ) ಇರುವ ದ್ರಾವಣದಲ್ಲಿ ಮುಳುಗಿಸಿ, ಸುತ್ತಲಿನ ಗಾಳಿ ಹೀರಿ ನಿರ್ವಾತ ಮಾಡುತ್ತಾರೆ. ಎಲೆಯೊಳಗಿನ ಗಾಳಿ ಹೊರಬರುತ್ತದೆ. ಒತ್ತಡ ಮರಳಿದಾಗ ದ್ರಾವಣ ಒಳನುಗ್ಗಿ ಎಲೆ ನೆನೆದ ಬಟ್ಟೆಯಂತೆ ಕಪ್ಪಿಡುತ್ತದೆ. ಬ್ಯಾಕ್ಟೀರಿಯಾ ದಾಟಿಸಿದ ವಂಶವಾಹಿಯಿಂದ ಎಲೆಯ ಜೀವಕೋಶಗಳು ವೈರಸ್ಸಿನ ಆ ಪ್ರೋಟೀನ್ ಕಟ್ಟುತ್ತವೆ. ಸಾಮಾನ್ಯವಾಗಿ 5–7 ದಿನಕ್ಕೆ ಕೊಯ್ಲು. ತಡವಾದರೆ ಗಿಡದ ಕಿಣ್ವಗಳೇ ಅದನ್ನು ಕತ್ತರಿಸಿಹಾಕುತ್ತವೆ. ಹೂ ಬಿಟ್ಟ ಗಿಡದಲ್ಲಿ ಇಳುವರಿ ಕಡಿಮೆ. 28 ಡಿಗ್ರಿ ದಾಟಿದರೆ ವಂಶವಾಹಿ ದಾಟಿಸುವ ಕೆಲಸವೇ ಕುಂಟುತ್ತದೆ. ನಮ್ಮ ಏಪ್ರಿಲ್ ಸೆಕೆಗೆ ಇದು ಅಂಗಳದಲ್ಲಿ ಆಗುವ ಮಾತಲ್ಲ.

ಕೊಯ್ದ ಎಲೆಯಿಂದ ಪ್ರೋಟೀನ್ ಬೇರ್ಪಡಿಸಿ, ಸೋಸಿ, ಶುದ್ಧೀಕರಿಸಿದ ಮೇಲೆಯೇ ಚುಚ್ಚುಮದ್ದು: ಡೋಸಿಗೆ 3.75 ಮೈಕ್ರೋಗ್ರಾಂ, ಜೊತೆಗೆ ಪ್ರತಿರೋಧ ಹೆಚ್ಚಿಸುವ ಎಎಸ್03, 21 ದಿನ ಅಂತರದಲ್ಲಿ ಎರಡು ಬಾರಿ. ಹಸಿ ಎಲೆ ತಿಂದರೆ ಪ್ರಮಾಣಕ್ಕೆ ಲೆಕ್ಕವಿಲ್ಲ, ಪ್ರೋಟೀನ್ ಹೊಟ್ಟೆಯಲ್ಲೇ ಜೀರ್ಣವಾಗುತ್ತದೆ. ಅಂದಹಾಗೆ, ಆ ಲಸಿಕೆ ತಯಾರಿಸಿದ ಮೆಡಿಕಾಗೊ ಕಂಪನಿಯನ್ನು ಮುಚ್ಚುವುದಾಗಿ 2023ರಲ್ಲೇ ಪ್ರಕಟಣೆ ಬಂದಿದೆ.

ಅಂಗಡಿಯ ಹೊಗೆಸೊಪ್ಪಿನಲ್ಲಿ ಸಿಗುವುದು ನಿಕೋಟಿನ್ ಮತ್ತು ಬಾಯಿ ಕ್ಯಾನ್ಸರ್ ತರುವ ರಾಸಾಯನಿಕಗಳು. ಸಂದೇಶ ಕಳಿಸಿದವರಿಗೆ ಇಷ್ಟು ಹೇಳಿ.