ಈ ಸಲ ಮಂಜು ಕಡಿಮೆ, ಹುಳ ಜಾಸ್ತಿ

ಕಳೆದ ಜನವರಿಯಲ್ಲಿ ಬೆಂಗಳೂರಿನ ಚಿತ್ರಸಂತೆಯಲ್ಲಿ ನನ್ನ ಮುಂದೆ ನಿಂತವರಲ್ಲಿ ಹೆಚ್ಚಿನವರು ಕೇಳಿದ್ದು ಒಂದೇ ಪ್ರಶ್ನೆ: "ಕೊಡಗಿನವರೇ? ಹಾಗಾದರೆ ಮಂಜಿನದ್ದು ಯಾವುದಾದರೂ ಇದೆಯೇ?" ಇತ್ತು. ಆರು ಇತ್ತು, ಆರೂ ಹೋದವು. ಸಂಜೆ ಕುಮಾರಕೃಪಾ ರಸ್ತೆಯಿಂದ ಗಂಟುಮೂಟೆ ಕಟ್ಟುವಾಗ ಉಳಿದದ್ದು ನಾನು ನಿಜವಾಗಿ ಮನಸ್ಸಿಟ್ಟು ಮಾಡಿದ ಒಂದು ಚಿತ್ರ. ಮಕ್ಕಂದೂರು ಕಡೆ 2018ರ ಆಗಸ್ಟ್‌ನಲ್ಲಿ ಜರಿದ ಬೆಟ್ಟ, ಅದರ ಕೆಂಪು ಮಣ್ಣು, ಮಣ್ಣಿನ ಮೇಲೆ ಈಗ ಎದ್ದಿರುವ ಹುಲ್ಲು. ಒಬ್ಬರು ಬಹಳ ಹೊತ್ತು ನೋಡಿ, "ಇದು ಸೂರ್ಯಾಸ್ತವೇ?" ಎಂದರು. ಹೌದು ಎಂದುಬಿಟ್ಟೆ. ಆದರೂ ಅವರು ಕೊಳ್ಳಲಿಲ್ಲ.

ಮಂಜಿನ ಮೇಲೆ ನನಗೇನೂ ಹಗೆ ಇಲ್ಲ. ಚೌಕಟ್ಟು ಹಾಕಿಸಿದ ಬಾಕಿ ತೀರಿದ್ದೇ ಅದರ ದುಡ್ಡಿನಲ್ಲಿ. ಆದರೆ ನಮ್ಮ ಮನೆಯಲ್ಲಿ ಮಂಜು, ಮಳೆ ಎಂದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಾಗದಕ್ಕೆ ಹಿಡಿಯುವ ಬೂಷ್ಟು. ಬಳಿದ ಜಲವರ್ಣ ಮರುದಿನವೂ ಹಸಿ. ಬೆಲೆ ಕೊಟ್ಟು ತಂದ ಹತ್ತಿಯ ದಪ್ಪ ಕಾಗದ ಆಗಸ್ಟ್ ಹೊತ್ತಿಗೆ ಮೈಯ ಅಂಟು ಕಳೆದುಕೊಂಡು, ಕುಂಚ ತಾಗಿಸಿದಲ್ಲೆಲ್ಲ ಒತ್ತುಕಾಗದದಂತೆ ನೀರು ಕುಡಿಯುತ್ತದೆ. ಅದಕ್ಕೇ ಕಾಗದವನ್ನು ಒಲೆಯ ಮೇಲಿನ ಅಟ್ಟದಲ್ಲಿ, ಕಾಳುಮೆಣಸಿನ ಚೀಲದ ಪಕ್ಕ ಇಡುತ್ತೇನೆ. ನನ್ನ ಚಿತ್ರ ಕೊಂಡವರಿಗೆ ಹೊಗೆಯ ವಾಸನೆ ಬಂದಿದ್ದರೆ ಕ್ಷಮಿಸಿ.

ಈ ವರ್ಷದ ಕೆಲಸ ಚಿತ್ರಕ್ಕೆಂದು ಶುರುವಾದದ್ದೇ ಅಲ್ಲ. ಸೆಪ್ಟೆಂಬರಿನಲ್ಲಿ ಅರೇಬಿಕಾ ಕಾಫಿ ತೋಟದವರಿಗೆಲ್ಲ ಬೋರರ್, ಅಂದರೆ ಕಾಂಡ ಕೊರೆಯುವ ಹುಳ, ಬಿದ್ದ ಗಿಡ ಹುಡುಕುವ ಕೆಲಸವಿರುತ್ತದೆ. ಬಿಳಿ ಕಾಂಡಕೊರಕದ ದುಂಬಿ ವರ್ಷಕ್ಕೆ ಎರಡು ಸಲ ಹಾರುತ್ತದೆ: ಏಪ್ರಿಲ್, ಮೇ ತಿಂಗಳಲ್ಲೊಮ್ಮೆ, ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಇನ್ನೊಮ್ಮೆ. ಅಷ್ಟರೊಳಗೆ ಹುಳ ಬಿದ್ದ ಗಿಡವನ್ನು ಕಿತ್ತು ಸುಡಬೇಕು. ಎಲೆ ಹಳದಿಯಾಗಿ ಜೋತಿರುತ್ತದೆ. ಕಾಂಡದ ಮೇಲೆ ಬೆರಳಾಡಿಸಿದರೆ ತೊಗಟೆಯ ಉಬ್ಬು ಕೈಗೆ ಸಿಗುತ್ತದೆ. ನಾವು ಈ ಸಲ ಕಿತ್ತ ಗಿಡಗಳು ಹೆಚ್ಚುಕಡಿಮೆ ಎಲ್ಲವೂ ಬಾವಿಯ ಕಡೆಯವು. ಮೂರು ವರ್ಷದ ಹಿಂದೆ ಮನೆ ರಿಪೇರಿಗೆ ದುಡ್ಡು ಸಾಲದೆ ಅಲ್ಲಿನ ನಾಲ್ಕು ಸಿಲ್ವರ್ ಓಕ್, ಎರಡು ಹಲಸು ಕಡಿಸಿ ಮಾರಿದ್ದೆವು. ಈ ದುಂಬಿಗೆ ಬಿಸಿಲೆಂದರೆ ಪ್ರಾಣ. ನೆರಳು ತೆಳುವಾದಲ್ಲಿಗೇ ಬಂದು ಮೊಟ್ಟೆಯಿಡುತ್ತದೆ. ಹೆಂಚು ಹೊಸದಾಯಿತು, ಗಿಡ ಹೋಯಿತು.

ಕಿತ್ತು ಹಾಕಿದ ಒಂದು ಕಾಂಡದ ತೊಗಟೆಯನ್ನು ಸುಮ್ಮನೆ ಕತ್ತಿಯ ತುದಿಯಿಂದ ಎಬ್ಬಿಸಿದೆ. ಒಳಗೆ ಬರವಣಿಗೆ. ಕೂದಲೆಳೆಯಷ್ಟು ಸಣ್ಣಗೆ ಶುರುವಾದ ಗೆರೆ, ಹುಳ ಬೆಳೆದಂತೆ ಅಗಲವಾಗುತ್ತ, ಓಲಾಡಿ, ಹಿಂದಿರುಗಿ, ತನ್ನದೇ ಹಳೆಯ ದಾರಿಯ ಮಗ್ಗುಲಿಗೆ ಬಂದು, ಅದನ್ನು ತಾಗದೆ ಸರಿದು, ಒಂದು ಕಡೆ ತಟ್ಟನೆ ಮರದೊಳಕ್ಕೆ ಇಳಿದುಬಿಟ್ಟಿತ್ತು. ಗೆರೆಯ ತುಂಬ ಹಿಟ್ಟಿನಂಥ ಪುಡಿ, ಹುಳ ತಿಂದು ಹಿಂದಕ್ಕೆ ಒತ್ತಿದ್ದು, ಗಚ್ಚು ಹಾಕಿದಷ್ಟು ಗಟ್ಟಿ. ಸೂಜಿಯಿಂದ ಕೆದಕಿದರೆ ಕೆಳಗೆ ನುಣ್ಣನೆಯ ತೋಡು. ಹುಳುವಾಗಿ ಅದು ಕಾಂಡದಲ್ಲಿ ಇರುವುದು ಒಂಬತ್ತು ಹತ್ತು ತಿಂಗಳು. ನಾನು ಗೆರೆ ಎಳೆಯಲು ಕಲಿತು ಇಪ್ಪತ್ತು ವರ್ಷವಾಯಿತು, ಈ ಹಿಡಿತ ಬಂದಿಲ್ಲ. ಹೊಟ್ಟೆಕಿಚ್ಚಾಯಿತು.

ಹಾಗೆಂದು ಬೋರರ್ ಕಾಂಡವನ್ನು ಮನೆಯಲ್ಲಿ ಜೋಡಿಸಿಟ್ಟುಕೊಳ್ಳುವಂತಿಲ್ಲ. ದುಂಬಿ ಹೊರಟರೆ ಪಕ್ಕದ ತೋಟದವರು ನನ್ನನ್ನು ಬೆಂಗಳೂರಿನ ಬಸ್ ಹತ್ತಲು ಬಿಡುವುದಿಲ್ಲ. ಹದಿನಾಲ್ಕು ತುಂಡು ಆರಿಸಿ ಹತ್ತು ದಿನ ಡ್ರಮ್ಮಿನ ನೀರಿನಲ್ಲಿ ಮುಳುಗಿಸಿಟ್ಟೆ. ಸೌದೆಗೆಂದು ಇಟ್ಟುಕೊಳ್ಳುವವರೂ ಹುಳ ಸಾಯಲೆಂದು ಹೀಗೆಯೇ ಮಾಡುತ್ತಾರೆ. ಮಿಕ್ಕದ್ದೆಲ್ಲ ಬೆಂಕಿಗೆ. ಈಗ ಒಣಗಿದ ತುಂಡಿಗೆ ರೋಲರ್‌ನಲ್ಲಿ ಕಪ್ಪು ಶಾಯಿ ಸವರಿ, ತೆಳು ಕಾಗದ ಸುತ್ತಿ, ಮರದ ಸೌಟಿನ ಬೆನ್ನಿನಿಂದ ಉಜ್ಜಿ ಅಚ್ಚು ತೆಗೆಯುತ್ತಿದ್ದೇನೆ. ಕಾಗದ ಎಳ್ಳಷ್ಟು ಜಾರಿದರೂ ಗೆರೆ ಎರಡಾಗಿ ಕಾಣುತ್ತದೆ. ಸರಿಯಾಗಿ ಬಂದರೆ ಎಲ್ಲ ಕಪ್ಪು, ಹುಳ ನಡೆದ ದಾರಿ ಮಾತ್ರ ಬಿಳಿ.

ಬಣ್ಣಕ್ಕೂ ಆಸೆಪಟ್ಟಿದ್ದೆ. ಕಕ್ಕಡ 18ರಂದು, ಅಂದರೆ ಆಗಸ್ಟ್ ಮೊದಲ ವಾರದ ನಮ್ಮ ಮಳೆಗಾಲದ ಹಬ್ಬದ ದಿನ, ಪಾಯಸಕ್ಕೆ ಕುದಿಸಿದ ಮದ್ದು ಸೊಪ್ಪಿನ ರಸವನ್ನು ಒಂದು ಲೋಟ ಎತ್ತಿಟ್ಟು ಹಾಳೆಗಳಿಗೆ ಬಳಿದಿದ್ದೆ. ಆ ನೇರಳೆ ಯಾವ ಟ್ಯೂಬಿನಲ್ಲೂ ಸಿಗದು. ದೀಪಾವಳಿಯ ಹೊತ್ತಿಗೆ ಕಿಟಕಿಯ ಪಕ್ಕದ ಹಾಳೆ ಹಳೆಯ ಚಹಾದ ಕಲೆಯಂತಾಗಿತ್ತು. ಅಂಥದ್ದನ್ನು ದುಡ್ಡಿಗೆ ಕೊಡಲಾರೆ.

ಬೆಂಗಳೂರಿನವರು ಮಂಜು ಕೇಳಿದರೆ ತಪ್ಪೇನೂ ಇಲ್ಲ. ಎರಡು ದಿನ ರಜೆ ಹಾಕಿ ಬಂದವರಿಗೆ ಸಿಕ್ಕಿದ ಕೊಡಗು ಅದು. ನನ್ನ ತಕರಾರು ಇಲ್ಲಿನ ನಮ್ಮ ಮೇಲೆಯೇ. ಹಿತ್ತಿಲಿಗೆ ಕಾಲಿಟ್ಟರೆ ತೋಟ, ಆದರೂ ಹೋಂಸ್ಟೇ ಕಿಟಕಿಯಿಂದ ನೋಡಿದವರ ಹಾಗೆ ಚಿತ್ರ ಮಾಡುತ್ತೇವೆ. ನನ್ನ ಆರು ಮಂಜಿನ ಚಿತ್ರಗಳನ್ನು ಮಾಡಿದ್ದು ಏಪ್ರಿಲ್‌ನ ಸೆಕೆಯಲ್ಲಿ, ಮೊಬೈಲಿನ ಫೋಟೋ ನೋಡಿಕೊಂಡು. ಚಿತ್ರಕಾರ ರುಮಾಲೆ ಚೆನ್ನಬಸವಯ್ಯನವರು ಬೆಂಗಳೂರಿನ ಹೂಬಿಟ್ಟ ಮರಗಳನ್ನು ಬಿಡಿಸಿದ್ದು ತಾವಿದ್ದ ಊರಿನ ಮರಗಳೆಂದು. ಅವುಗಳಲ್ಲಿ ಪ್ರವಾಸಿಯ ಬೆರಗಿಲ್ಲ, ನೆರೆಯವನ ಸಲಿಗೆ ಇದೆ. ಆ ಸಲಿಗೆ ನನಗೆ ನನ್ನದೇ ತೋಟದ ಜೊತೆ ಇರಲಿಲ್ಲ. ಹುಳ ಬಿದ್ದ ಮೇಲೆ ಶುರುವಾಯಿತು.

ಕೆಲಸ ಮಾತ್ರ ಆಮೆಯ ನಡಿಗೆ. ಸಂತೆಗೆ ತಯಾರಾಗುವ ಹೊತ್ತಿಗೇ ಅರೇಬಿಕಾ ಹಣ್ಣಾಗುತ್ತದೆ, ನಡುವೆ ಪುತ್ತರಿ ಸುಗ್ಗಿ ಹಬ್ಬ, ಕೊಯ್ಯಲು ಜನ ಸಿಗುವುದಿಲ್ಲ. ಮೊನ್ನೆ ಹೊತ್ತಲ್ಲದ ಹೊತ್ತಿನಲ್ಲಿ ಮಳೆ ಹನಿದಾಗ ಶಾಯಿಯ ಕೈಯಲ್ಲೇ ಕಣಕ್ಕೆ ಓಡಿ ಒಣಹಾಕಿದ್ದ ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ತೆಗೆದ ಕಾಫಿ ಬೀಜ) ರಾಶಿ ಮಾಡಿ ಟಾರ್ಪಾಲು ಎಳೆದೆ. ಕೆಲವು ಬೀಜಗಳ ಮೇಲೆ ನನ್ನ ಹೆಬ್ಬೆರಳಿನ ಗುರುತಿದೆ. ವ್ಯಾಪಾರಿಗೆ ಹೇಳಿಲ್ಲ.

ಒಲೆಯ ಮನೆಯಲ್ಲಿ ದಾರ ಕಟ್ಟಿ ಅಚ್ಚುಗಳನ್ನು ಒಣಹಾಕಿದ್ದೆ. ತೋಟದಲ್ಲಿ ಎಷ್ಟೋ ವರ್ಷದಿಂದ ಕೆಲಸ ಮಾಡುವ ಅಕ್ಕ ನೀರು ಕುಡಿಯಲು ಬಂದವರು ಮೂರನೆಯದರ ಮುಂದೆ ನಿಂತರು. "ಇದು ಬಾವಿ ಹತ್ತಿರದ ಗಿಡ ಅಲ್ಲವೇ? ಬುಡದಲ್ಲಿ ಹೀಗೇ ಸೊಟ್ಟಗಿತ್ತು" ಎಂದರು. ಅದೇ ಗಿಡ. "ಇದನ್ನು ದುಡ್ಡು ಕೊಟ್ಟು ತೆಗೆದುಕೊಳ್ಳುತ್ತಾರೆಯೇ?" ಎಂದೂ ಕೇಳಿದರು. ನೋಡಬೇಕು ಎಂದೆ. "ಹಾಗಾದರೆ ಮೇಲಿನ ತುಂಡಿನಲ್ಲೂ ಇದೆ, ಅದನ್ನೇಕೆ ಸುಟ್ಟಿರಿ?" ಎಂದು ಬೈದು ಹೋದರು.

ಒಂಬತ್ತು ಅಚ್ಚು ಸರಿಯಾಗಿ ಬಂದಿವೆ. ನಾಲ್ಕು ಮಂಜಿನ ಚಿತ್ರವನ್ನೂ ಒಯ್ಯುತ್ತಿದ್ದೇನೆ, ಬಸ್ಸಿನ ಖರ್ಚು ಇದೆಯಲ್ಲ. ಅವು ಮೇಜಿನ ಕೆಳಗೆ ಇರುತ್ತವೆ, ಕೇಳಿದವರಿಗೆ ತೆಗೆದು ತೋರಿಸುತ್ತೇನೆ.